ಜೇಬಿನ ಚಾಕು ಒರಟು ಕೆಲಸಕ್ಕೆ ನಿಲ್ಲುವುದು ಹೇಗೆ? ಕೀಲು, ಚಿಲಕ ಮತ್ತು ಉಕ್ಕಿನ ಪಾಕ

ಪಾರ್ಸೆಲ್ ಡಬ್ಬ ಬಿಚ್ಚುವುದಕ್ಕೆ, ಹನಿ ನೀರಾವರಿಯ ಪೈಪು ತುಂಡರಿಸುವುದಕ್ಕೆ, ಗೊಬ್ಬರದ ಚೀಲದ ಹೊಲಿಗೆ ಕೀಳುವುದಕ್ಕೆ, ಹಗ್ಗ ಕೊಯ್ಯುವುದಕ್ಕೆ ಜೇಬಿನಲ್ಲೊಂದು ಮಡಚುವ ಚಾಕು ಇರಲಿ ಎಂದುಕೊಂಡು ಆನ್‌ಲೈನ್ ಅಂಗಡಿಯಲ್ಲಿ ಹುಡುಕಿದವರು ಮೊದಲ ಪುಟದಲ್ಲೇ ಗೊಂದಲಕ್ಕೆ ಬೀಳುತ್ತಾರೆ. ಕೆಲವು ನೂರು ರೂಪಾಯಿಯ ಚಾಕುವೂ ಹಲವು ಸಾವಿರ ರೂಪಾಯಿಯ ಚಾಕುವೂ ಚಿತ್ರದಲ್ಲಿ ಒಂದೇ ರೀತಿ ಕಾಣುತ್ತವೆ. ಕೆಳಗಿನ ವಿವರಗಳಲ್ಲಿ ‘ಡಿ2’, ‘8ಸಿಆರ್13ಎಂಒವಿ’, ‘ಎಚ್‌ಆರ್‌ಸಿ 58–60’, ‘ಲೈನರ್ ಲಾಕ್’ ಎಂಬ ಮಾತುಗಳು ಹಿಂದುಮುಂದಿಲ್ಲದೆ ಬಂದು ಕೂತಿರುತ್ತವೆ. ಈ ಮಾತುಗಳ ಅರ್ಥವೇನು, ದಿನನಿತ್ಯದ ಒರಟು ಕೆಲಸಕ್ಕೆ ಇವುಗಳಲ್ಲಿ ಯಾವುದು ನಿಜವಾಗಿಯೂ ಮುಖ್ಯ, ದುಬಾರಿಯಲ್ಲದ ಬೆಲೆಗೆ ಹೆಸರು ಮಾಡಿರುವ ಕೆಲವು ಚಾಕುಗಳು ಈ ಲೆಕ್ಕದಲ್ಲಿ ಎಲ್ಲಿ ನಿಲ್ಲುತ್ತವೆ ಎಂಬುದನ್ನು ಬುಡದಿಂದ ನೋಡೋಣ.

ಎಲ್ಲಕ್ಕಿಂತ ಮೊದಲು ಕೀಲು

ಅಡುಗೆಮನೆಯ ಒಳ್ಳೆಯ ಚಾಕುವಿನ ಉಕ್ಕು ಅಲಗಿನಲ್ಲೇ ಮುಗಿಯುವುದಿಲ್ಲ. ಅದರ ಬಾಲ ಹಿಡಿಯೊಳಕ್ಕೂ ಹೋಗಿ ಕೂತಿರುತ್ತದೆ. ಮಡಚುವ ಚಾಕುವಿಗೆ ಈ ಬಾಲವಿಲ್ಲ. ಒಂದು ಲೆಕ್ಕದಲ್ಲಿ ಅದು ನಡುವೆಯೇ ಮುರಿದು, ಮುರಿದ ಜಾಗಕ್ಕೆ ಕೀಲು ಹಾಕಿದ ಚಾಕು. ಕೆಲವೇ ಮಿಲಿಮೀಟರ್ ದಪ್ಪದ ಒಂದು ರಿವೆಟ್ಟೋ ಸ್ಕ್ರೂವೋ ಅಲಗನ್ನೂ ಹಿಡಿಯನ್ನೂ ಜೋಡಿಸಿ ನಿಲ್ಲಿಸಿರುತ್ತದೆ. ಆದ್ದರಿಂದ ಅಲಗಿಗೆ ಎಷ್ಟೇ ಉತ್ತಮ ಉಕ್ಕು ಹಾಕಿದರೂ ಚಾಕುವಿನ ತಾಕತ್ತು ಆ ಕೀಲಿನ ಮತ್ತು ಅದರ ಪಕ್ಕದ ಚಿಲಕದ ತಾಕತ್ತಿಗಿಂತ ಹೆಚ್ಚಾಗುವುದಿಲ್ಲ.

ಕಾರಣ ಒಂದು ಸಣ್ಣ ಲೆಕ್ಕದಲ್ಲಿದೆ. ಅಲಗಿನ ತುದಿ ಕೀಲಿನಿಂದ 8 ಸೆಂಟಿಮೀಟರ್ ದೂರದಲ್ಲಿದೆ, ಚಿಲಕವು ಅಲಗಿನ ಬುಡವನ್ನು ತಡೆದು ಹಿಡಿಯುವ ಜಾಗ ಕೀಲಿನಿಂದ 8 ಮಿಲಿಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ತುದಿಯ ಬೆನ್ನಿನ ಮೇಲೆ 5 ಕಿಲೋ ಭಾರ ಬಿದ್ದರೆ, ಸನ್ನೆಯ ನಿಯಮದಂತೆ ಚಿಲಕದ ಮೇಲೆ 50 ಕಿಲೋ ಭಾರದಷ್ಟು ಒತ್ತಡ ಬೀಳುತ್ತದೆ. ಹಾರೆಯಿಂದ ಬಂಡೆ ಎಬ್ಬಿಸುವಾಗ ನಮಗೆ ನೆರವಾಗುವ ಸನ್ನೆಯೇ ಇಲ್ಲಿ ಚಾಕುವಿಗೆ ಶತ್ರುವಾಗುತ್ತದೆ.

ಆದರೆ ಸರಿಯಾಗಿ ಕೊಯ್ಯುವಾಗ ಚಿಲಕಕ್ಕೆ ಹೆಚ್ಚಿನ ಕೆಲಸವೇ ಇರುವುದಿಲ್ಲ ಎಂಬುದನ್ನೂ ಗಮನಿಸಬೇಕು. ಹರಿತದ ಅಂಚನ್ನು ವಸ್ತುವಿನ ಮೇಲೆ ಒತ್ತಿದಾಗ ಅಲಗು ಇನ್ನಷ್ಟು ತೆರೆಯುವ ದಿಕ್ಕಿಗೆ ತಳ್ಳಲ್ಪಡುತ್ತದೆ, ಆ ಒತ್ತಡವನ್ನು ಅಲಗಿನ ಬುಡಕ್ಕೆ ಎದುರಾಗಿರುವ ಗಟ್ಟಿ ತಡೆ ಹೊರುತ್ತದೆ. ಚಿಲಕ ಬೇಕಾಗುವುದು ಚುಚ್ಚುವಾಗ, ಸಿಕ್ಕಿಕೊಂಡ ಅಲಗನ್ನು ಅಲುಗಾಡಿಸಿ ಎಳೆಯುವಾಗ, ಬೆನ್ನು ಯಾವುದಕ್ಕೋ ತಗುಲಿದಾಗ. ಬೆರಳು ಕೊಯ್ದುಕೊಳ್ಳುವ ಅಪಾಯವಿರುವುದೂ ಈ ಗಳಿಗೆಗಳಲ್ಲೇ.

ಹೀಗಾಗಿ ಈ ಲೇಖನದಲ್ಲಿ ‘ಒರಟು ಕೆಲಸ’ ಎಂದರೆ ದಿನಕ್ಕೆ ಹತ್ತಾರು ಸಲ, ಧೂಳು, ಬೆವರು, ಮಳೆಗಳ ನಡುವೆ, ರಟ್ಟು, ಹಗ್ಗ, ಪ್ಲಾಸ್ಟಿಕ್, ಹಸಿ ಕಡ್ಡಿಗಳಂಥವನ್ನು ಕೊಯ್ಯುವುದು ಎಂದಷ್ಟೇ ಅರ್ಥ. ಮುಚ್ಚಳ ಮೀಟುವುದು, ಕಲ್ಲಿನಿಂದ ಬೆನ್ನಿಗೆ ಬಡಿದು ಸೌದೆ ಸೀಳುವುದು, ಎಳನೀರು ಕೆತ್ತುವುದು ಯಾವ ಬೆಲೆಯ ಮಡಚುವ ಚಾಕುವಿಗೂ ಹೇಳಿದ ಕೆಲಸಗಳಲ್ಲ. ಅವಕ್ಕೆ ಕತ್ತಿಯಿದೆ.

ಚಿಲಕದ ಐದು ಬಗೆ

ಚಿಲಕವೇ ಇಲ್ಲದ ಚಾಕುಗಳಿಂದ ಆರಂಭಿಸಬಹುದು. ಸ್ವಿಟ್ಜರ್ಲೆಂಡಿನ ಶ್ವೀಜ್ ಪ್ರಾಂತದ ಇಬಾಖ್‌ನಲ್ಲಿ ಕಾರ್ಲ್ ಎಲ್ಸೆನರ್ 1884ರಲ್ಲಿ ತೆರೆದ ಕಾರ್ಯಾಗಾರವೇ ಇಂದಿನ ವಿಕ್ಟೋರಿನಾಕ್ಸ್. 1891ರಲ್ಲಿ ಅದು ಸ್ವಿಸ್ ಸೈನ್ಯಕ್ಕೆ ಚಾಕು ಪೂರೈಸತೊಡಗಿತು. ಈ ಕಂಪನಿಯ ಸಣ್ಣ ಮತ್ತು ಮಧ್ಯಮ ಗಾತ್ರದ ಹೆಚ್ಚಿನ ಚಾಕುಗಳಲ್ಲಿ ಹಿಡಿಯ ಬೆನ್ನಿಗಿರುವ ಪಟ್ಟಿ ಸ್ಪ್ರಿಂಗ್ ಅಲಗಿನ ಬುಡವನ್ನು ಒತ್ತಿ ಹಿಡಿಯುತ್ತದೆ, ಅಷ್ಟೇ. ಫ್ರಿಜ್ಜಿನ ಬಾಗಿಲಿನಂತೆ ಅದು ತಾನಾಗಿ ತೆರೆದುಕೊಳ್ಳುವುದೂ ಇಲ್ಲ, ಮುಚ್ಚಿಕೊಳ್ಳುವುದೂ ಇಲ್ಲ. ಆದರೆ ಸಾಕಷ್ಟು ಬಲ ಬಿದ್ದರೆ ತಡೆಯುವ ಬೀಗವೂ ಇಲ್ಲ. ಕೊಯ್ಯುವುದಕ್ಕೆ ಇದು ಧಾರಾಳವಾಗಿ ಸಾಕು, ಚುಚ್ಚುವುದಕ್ಕೆ ಮಾತ್ರ ಎಚ್ಚರ ಬೇಕು.

ಎರಡನೆಯದು ಉಂಗುರದ ಚಿಲಕ. ಫ್ರಾನ್ಸಿನ ಸವಾಯ್ ಬೆಟ್ಟಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ ರೈತರ ಚಾಕು ಬೀಚ್ ಮರದ ಒಂದು ಹಿಡಿ, ಒಂದು ಅಲಗು, ಒಂದು ಮೊಳೆ ಇಷ್ಟರಲ್ಲೇ ಮುಗಿಯುತ್ತಿತ್ತು. 1955ರಲ್ಲಿ ಮಾರ್ಸೆಲ್ ಒಪಿನೆಲ್ ಅದರ ಕುತ್ತಿಗೆಗೆ ಸೀಳುಳ್ಳ ಉಕ್ಕಿನ ಉಂಗುರವೊಂದನ್ನು ತೊಡಿಸಿದರು. ಬಳೆಯನ್ನು ತಿರುಗಿಸಿದಂತೆ ಉಂಗುರವನ್ನು ತಿರುಗಿಸಿದರೆ ಸೀಳು ಪಕ್ಕಕ್ಕೆ ಸರಿದು, ಉಂಗುರದ ಗಟ್ಟಿ ಭಾಗ ಅಲಗಿನ ಬುಡಕ್ಕೆ ಅಡ್ಡ ಬರುತ್ತದೆ. ಸ್ಪ್ರಿಂಗ್ ಇಲ್ಲ, ಒಳಗೆ ಮಣ್ಣು ಸಿಕ್ಕಿಕೊಳ್ಳುವ ಸೂಕ್ಷ್ಮ ಜಾಗವೂ ಹೆಚ್ಚಿಲ್ಲ. ಆದರೆ ಉಂಗುರ ತಿರುಗಿಸಲು ಮರೆತರೆ ಚಿಲಕ ಇಲ್ಲದಂತೆಯೇ.

ಮೂರನೆಯದಾದ ಬೆನ್ನ ಚಿಲಕವನ್ನು ಮನೆಮಾತಾಗಿಸಿದ್ದು ಅಮೆರಿಕದಲ್ಲಿ 1964ರಲ್ಲಿ ಬಂದ ಬಕ್ 110. ಇದರ ಬೆನ್ನಿನಲ್ಲಿ ಏತದ ಮರದಂತೆ ನಡುವಿನಲ್ಲಿ ಕೀಲಿಸಿದ ಒಂದು ಉಕ್ಕಿನ ಪಟ್ಟಿ ಇದೆ. ಅಲಗು ಪೂರ್ತಿ ತೆರೆದಾಗ ಅದರ ಮುಂದಿನ ಕೊಕ್ಕೆ ಅಲಗಿನ ಬುಡದ ಕಚ್ಚಿಗೆ ಇಳಿದು ಕೂರುತ್ತದೆ, ಹಿಂದಿನ ತುದಿಯನ್ನು ಹೆಬ್ಬೆರಳಿನಿಂದ ಅದುಮಿದರೆ ಮೇಲೆದ್ದು ಬಿಡುತ್ತದೆ. ಗಟ್ಟಿಮುಟ್ಟಾದ ವ್ಯವಸ್ಥೆ. ಕಚ್ಚಿನಲ್ಲಿ ಜೇಬಿನ ನೂಲು, ಧೂಳು ತುಂಬಿಕೊಂಡರೆ ಮಾತ್ರ ಕೊಕ್ಕೆ ಅರ್ಧಕ್ಕೇ ಇಳಿದು ನಿಲ್ಲುವುದುಂಟು.

ಇಂದಿನ ಅಗ್ಗದ ಚಾಕುಗಳಲ್ಲಿ ತುಂಬಾ ಸಾಮಾನ್ಯವಾಗಿರುವುದು ಲೈನರ್ ಲಾಕ್. ಅದಕ್ಕೆ ಇಂದಿನ ರೂಪ ಕೊಟ್ಟವರು 1980ರ ದಶಕದಲ್ಲಿ ಅಮೆರಿಕದ ಚಾಕು ತಯಾರಕ ಮೈಕೆಲ್ ವಾಕರ್. ಹಿಡಿಯ ಒಳಮೈಗಿರುವ ತೆಳು ಲೋಹದ ಪಟ್ಟಿಯ ಒಂದು ಭಾಗವನ್ನು ಸೀಳಿ ಒಳಕ್ಕೆ ಬಾಗಿಸಿರುತ್ತಾರೆ; ಅಲಗು ತೆರೆದ ಕೂಡಲೇ ಅದು ಪಕ್ಕದಿಂದ ಚಿಮ್ಮಿ, ಬಾಗಿಲು ಮುಚ್ಚದಿರಲೆಂದು ಸಂದಿಗೆ ಕೊಡುವ ಮರದ ತುಂಡಿನಂತೆ, ಅಲಗಿನ ಬುಡದ ಹಿಂದೆ ಕೂರುತ್ತದೆ. ಸವೆದಂತೆಲ್ಲ ಪಟ್ಟಿ ಇನ್ನಷ್ಟು ಒಳಕ್ಕೆ ಸರಿದು ಸಡಿಲವನ್ನು ತಾನೇ ತುಂಬಿಕೊಳ್ಳುವುದು ಇದರ ಜಾಣತನ. ಆದರೆ ಎಲ್ಲವೂ ಆ ಪಟ್ಟಿಯ ತುದಿಯೂ ಅಲಗಿನ ಬುಡವೂ ಸರಿಯಾದ ಓರೆಯಲ್ಲಿ ಕೂಡುವುದರ ಮೇಲೆ ನಿಂತಿದೆ. ಅಗ್ಗದ ತಯಾರಿಕೆ ಎಡವುವುದು ಹೆಚ್ಚಾಗಿ ಇಲ್ಲಿಯೇ: ಓರೆ ತಪ್ಪಿದರೆ ಬೆನ್ನಿಗೆ ಬಿದ್ದ ಸಣ್ಣ ಪೆಟ್ಟಿಗೂ ಪಟ್ಟಿ ಜಾರುತ್ತದೆ. ಇನ್ನೊಂದು ಸಂಗತಿ, ಇದನ್ನು ಮಡಚುವಾಗ ಹೆಬ್ಬೆರಳು ಅಲಗು ಬರುವ ದಾರಿಯಲ್ಲೇ ಇರುತ್ತದೆ.

ಐದನೆಯದನ್ನು ನಮ್ಮ ಹಳೆಯ ಮನೆಗಳ ಬಾಗಿಲು ನೋಡಿದವರಿಗೆ ವಿವರಿಸಬೇಕಾಗಿಲ್ಲ, ಅದು ಅಗುಳಿ. ಹಿಡಿಯ ಎರಡೂ ಕಡೆಯ ಸೀಳುಗಳಲ್ಲಿ ಹಿಂದೆಮುಂದೆ ಸರಿಯುವ ಒಂದು ಉಕ್ಕಿನ ಕಡ್ಡಿಯನ್ನು ಸಣ್ಣ ತಂತಿ ಸ್ಪ್ರಿಂಗುಗಳು ಮುಂದಕ್ಕೆ ತಳ್ಳಿ ಅಲಗಿನ ಬುಡಕ್ಕೆ ಅಡ್ಡ ನಿಲ್ಲಿಸುತ್ತವೆ. ಅಮೆರಿಕದ ಬೆಂಚ್‌ಮೇಡ್ ಕಂಪನಿ 1998ರಲ್ಲಿ ಇದನ್ನು ಮಾರುಕಟ್ಟೆಗೆ ತಂದಾಗ ದುಬಾರಿ ಚಾಕುಗಳಿಗೆ ಮಾತ್ರ ಸೀಮಿತವಾಗಿತ್ತು. ಈಗ ಚೀನಾದ ಗ್ಯಾಂಜೊ ಮುಂತಾದ ಕಡಿಮೆ ಬೆಲೆಯ ಹೆಸರುಗಳಲ್ಲೂ ಈ ಬಗೆಯ ಚಿಲಕ ಸಿಗುತ್ತದೆ. ಬೆರಳನ್ನು ಅಲಗಿನ ದಾರಿಗೆ ಒಡ್ಡದೆ ಮಡಚಬಹುದು, ಎಡಗೈಯವರಿಗೂ ಅಷ್ಟೇ ಸಲೀಸು. ತಂತಿ ಸ್ಪ್ರಿಂಗ್ ಮುರಿಯಬಹುದಾದ ಭಾಗ, ಹಾಗೆಂದೇ ಅದು ಎರಡಿರುತ್ತದೆ.

ಉಕ್ಕಿನ ಹೆಸರು ಮತ್ತು ಉಕ್ಕಿನ ಪಾಕ

ಉಕ್ಕು ಎಂದರೆ ಸ್ವಲ್ಪ ಇಂಗಾಲ ಬೆರೆತ ಕಬ್ಬಿಣ. ಇಂಗಾಲ ಹೆಚ್ಚಿದಂತೆ ಗಡಸುತನಕ್ಕೆ ಅವಕಾಶ ಹೆಚ್ಚುತ್ತದೆ. ಯುರೋಪಿನವರು ‘ವೂಟ್ಜ್’ ಎಂದು ಕೊಂಡಾಡಿದ ದಕ್ಷಿಣ ಭಾರತದ ಮೂಸೆ ಉಕ್ಕಿನ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಹುಟ್ಟಿತೆಂಬುದು ಸಾಮಾನ್ಯ ಅಭಿಪ್ರಾಯ. ಅದರಲ್ಲಿ ಇಂಗಾಲ ಶೇ 1ರಿಂದ 2ರಷ್ಟಿರುತ್ತಿತ್ತು. ಇಂದಿನ ಜಾಹೀರಾತುಗಳಲ್ಲಿ ಮೆರೆಯುವ ಡಿ2 ಉಕ್ಕಿನಲ್ಲಿ ಸುಮಾರು ಶೇ 1.5 ಇಂಗಾಲವಿದೆ.

ಎರಡನೆಯ ಮುಖ್ಯ ಬೆರಕೆ ಕ್ರೋಮಿಯಂ. ಅದು ಸುಮಾರು ಶೇ 10.5ಕ್ಕಿಂತ ಹೆಚ್ಚಿದ್ದರೆ ಉಕ್ಕಿನ ಮೈಮೇಲೆ ಕಣ್ಣಿಗೆ ಕಾಣದ ಪದರವೊಂದು ಮೂಡಿ ತುಕ್ಕನ್ನು ತಡೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಎಂದರೆ ಇದೇ. ಈಗ ‘8ಸಿಆರ್13ಎಂಒವಿ’ ಎಂಬ ಮಂತ್ರವನ್ನು ಬಿಡಿಸಬಹುದು: ಇಂಗಾಲ ಸುಮಾರು ಶೇ 0.8, ಕ್ರೋಮಿಯಂ ಶೇ 13, ಜೊತೆಗೆ ಚೂರು ಮಾಲಿಬ್ಡಿನಂ ಮತ್ತು ವೆನೇಡಿಯಂ. ಅದು ಚೀನಾದವರು ಉಕ್ಕಿನ ಮೇಲೆಯೇ ಬರೆದಿಟ್ಟ ಅಡುಗೆಯ ಪಟ್ಟಿ.

ಇಂಗಾಲವೂ ಕ್ರೋಮಿಯಮ್ಮೂ ಸೇರಿದಲ್ಲಿ ಕಾರ್ಬೈಡ್ ಎಂಬ ಬಹು ಗಟ್ಟಿಯಾದ ಕಣಗಳು ಹುಟ್ಟುತ್ತವೆ. ಗಾರೆಯೊಳಗಿನ ಜಲ್ಲಿಯಂತೆ ಅವು ಸವೆತವನ್ನು ತಡೆಯುತ್ತವೆ. ಡಿ2 ಉಕ್ಕಿನಲ್ಲಿ ಈ ಜಲ್ಲಿ ದಪ್ಪ, ಆದ್ದರಿಂದ ರಟ್ಟು ಕೊಯ್ಯುತ್ತಾ ಹೋದರೂ ಅಂಚು ಬಹಳ ಹೊತ್ತು ನಿಲ್ಲುತ್ತದೆ. ಆದರೆ ದಪ್ಪ ಜಲ್ಲಿಯ ಗಾರೆಯಿಂದ ತೆಳು ಅಂಚು ತೆಗೆದರೆ ಉದುರುವಂತೆ ಇದರ ಅಂಚೂ ಮೊಳೆಗೋ ಸ್ಟೇಪಲ್ ಪಿನ್ನಿಗೋ ತಗುಲಿದರೆ ಸಣ್ಣಗೆ ಚಕ್ಕೆ ಏಳುತ್ತದೆ, ಮಸೆಯುವುದಕ್ಕೂ ಹೊತ್ತು ಹಿಡಿಯುತ್ತದೆ. ಸ್ವೀಡನ್ ಮೂಲದ 12ಸಿ27 ಉಕ್ಕಿನಲ್ಲಿ ಇಂಗಾಲ ಶೇ 0.6 ಮಾತ್ರ, ಕಣಗಳು ನುಣ್ಣನೆಯ ಮರಳಿನಂತೆ. ಬೇಗ ಮೊಂಡಾಗುತ್ತದೆ, ಆದರೆ ಹತ್ತು ಸಲ ಕಲ್ಲಿಗೆ ಎಳೆದರೆ ಮತ್ತೆ ಹರಿತ. ಡಿ2ನಲ್ಲಿ ಶೇ 12ರಷ್ಟು ಕ್ರೋಮಿಯಂ ಇದ್ದರೂ ಅದರ ದೊಡ್ಡ ಪಾಲು ಈ ಜಲ್ಲಿಯೊಳಗೇ ಬಂಧಿಯಾಗಿರುವುದರಿಂದ ಮೈಗೆ ರಕ್ಷಣೆ ಕಡಿಮೆ. ಕರಾವಳಿಯ ಉಪ್ಪುಗಾಳಿಯಲ್ಲಿ, ಬೆವರು ಅಂಟುವ ಜೇಬಿನಲ್ಲಿ ಅದು ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಯಬಲ್ಲದು.

ಇಷ್ಟಾದರೂ ಹೆಸರು ಅರ್ಧ ಕತೆ. ಒಂದೇ ಬೆಲ್ಲ, ಒಂದೇ ಪಾತ್ರೆ. ಪಾಕ ಎಲ್ಲಿಗೆ ಇಳಿಸಿದೆವು ಎಂಬುದರ ಮೇಲೆ ಉಂಡೆ ಕಟ್ಟಲಾಗದಷ್ಟು ಮೆತ್ತಗೂ ಆಗಬಹುದು, ಹಲ್ಲು ಮುರಿಯುವಷ್ಟು ಗಟ್ಟಿಯೂ ಆಗಬಹುದು. ಉಕ್ಕಿಗೂ ಹಾಗೆಯೇ. ಸ್ಟೇನ್‌ಲೆಸ್ ಅಲಗನ್ನು 1,000 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸಿ, ಥಟ್ಟನೆ ತಣಿಸಿದಾಗ ಅದು ಗಾಜಿನಂತೆ ಗಡಸಾಗುತ್ತದೆ. ಮತ್ತೆ ಸುಮಾರು 150ರಿಂದ 250 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸಿ ಆ ಬಿರುಸನ್ನು ಸ್ವಲ್ಪ ಇಳಿಸುತ್ತಾರೆ. ಸಾಮಾನ್ಯ ಉಕ್ಕನ್ನು ಒಳ್ಳೆಯ ಹದಕ್ಕೆ ತಂದ ಚಾಕು, ದೊಡ್ಡ ಹೆಸರಿನ ಉಕ್ಕಿನ ಹದಗೆಟ್ಟ ಚಾಕುವಿಗಿಂತ ಚೆನ್ನಾಗಿ ದುಡಿಯುತ್ತದೆ. ಬಕ್ 110ರ 420ಎಚ್‌ಸಿ ಉಕ್ಕು ಹೆಸರಿನ ಮಟ್ಟಿಗೆ ಸಾಧಾರಣವಾದದ್ದು, ಆದರೆ ಅದನ್ನು ಹದ ಮಾಡುವ ರೀತಿಗೆ ಆ ಕಂಪನಿ ಹೆಸರುವಾಸಿ.

ಈ ಹದವನ್ನು ಅಳೆಯುವ ಅಂಕಿಯೇ ಎಚ್‌ಆರ್‌ಸಿ, ಅಂದರೆ ರಾಕ್‌ವೆಲ್ ಗಡಸುತನದ ಸಿ ಮಾಪನ. ವಜ್ರದ ಮೊನೆಯೊಂದನ್ನು 150 ಕಿಲೋ ಭಾರದಿಂದ ಉಕ್ಕಿಗೆ ಒತ್ತಿ, ಅದು ಎಷ್ಟು ಆಳಕ್ಕೆ ಇಳಿಯಿತೆಂದು ನೋಡುತ್ತಾರೆ. ಒಂದು ಅಂಕಕ್ಕೂ ಇನ್ನೊಂದಕ್ಕೂ ಇರುವ ಅಂತರ ಆಳದಲ್ಲಿ 0.002 ಮಿಲಿಮೀಟರ್. ಜೇಬಿನ ಚಾಕುಗಳು ಸಾಮಾನ್ಯವಾಗಿ 55ರಿಂದ 61ರ ನಡುವೆ ಇರುತ್ತವೆ. ಕಡಿಮೆಯಾದರೆ ಅಂಚು ಮಡಚಿಕೊಳ್ಳುತ್ತದೆ, ಹೆಚ್ಚಾದರೆ ಚಕ್ಕೆ ಏಳುತ್ತದೆ. ಹದ ಎಂದರೆ ಕೆಲಸಕ್ಕೆ ತಕ್ಕ ಹೊಂದಾಣಿಕೆ ಎಂಬುದಕ್ಕೆ ವಿಕ್ಟೋರಿನಾಕ್ಸ್ ಚಾಕುವೇ ಸಾಕ್ಷಿ: ಅದರ ಅಲಗು 56, ಗರಗಸ ಮತ್ತು ಕತ್ತರಿ 53, ಸ್ಕ್ರೂಡ್ರೈವರ್ ಮತ್ತು ಡಬ್ಬ ತೆರೆಯುವ ಸಾಧನ 52, ಸ್ಪ್ರಿಂಗ್ 49. ತಿರುಚುವ, ಬಾಗುವ ಕೆಲಸದ ಭಾಗಗಳನ್ನು ಬೇಕೆಂದೇ ಮೆತ್ತಗಿಟ್ಟಿದ್ದಾರೆ.

ದಪ್ಪವಿದ್ದರೆ ಗಟ್ಟಿ, ಆದರೆ ಹರಿತವೇ?

ಒರಟು ಕೆಲಸ ಎಂದ ಕೂಡಲೇ ದಪ್ಪ ಅಲಗು ಬೇಕೆನ್ನಿಸುವುದು ಸಹಜ. ಆದರೆ ಈಳಿಗೆಮಣೆಯ ಅಲಗಿನಲ್ಲಿ ಸೌತೆಕಾಯಿ ಹೆಚ್ಚಿದಂತೆ ಕೊಡಲಿಯಲ್ಲಿ ಹೆಚ್ಚಲಾಗದು, ಕೊಡಲಿ ಸೀಳುತ್ತದೆ. ರಟ್ಟಿನೊಳಗೆ ಇಳಿದ ದಪ್ಪ ಅಲಗು ಎರಡೂ ಕಡೆಯಿಂದ ಒತ್ತಿಸಿಕೊಂಡು ಸಿಕ್ಕಿಬೀಳುತ್ತದೆ, ಕೈ ಹೆಚ್ಚು ಬಲ ಹಾಕುತ್ತದೆ, ಬಲ ಹೆಚ್ಚಾದಲ್ಲಿ ಕೈ ಜಾರುತ್ತದೆ. ಒಪಿನೆಲ್ 8ನೇ ಸಂಖ್ಯೆಯ ಅಲಗು 2 ಮಿಲಿಮೀಟರಿಗಿಂತ ತೆಳು, ಬಕ್ 110ರದು ಬೆನ್ನಿನಲ್ಲಿ ಸುಮಾರು 3 ಮಿಲಿಮೀಟರ್. ಮೊದಲನೆಯದು ಕೊಯ್ಯುವುದರಲ್ಲಿ ಎಷ್ಟೋ ದುಬಾರಿ ಚಾಕುಗಳನ್ನು ಹಿಂದೆ ಹಾಕುತ್ತದೆ, ಎರಡನೆಯದು ಪಕ್ಕಕ್ಕೆ ತಿರುಚಿದಾಗ ಹೆಚ್ಚು ತಾಳಿಕೊಳ್ಳುತ್ತದೆ. ಜಾಹೀರಾತಿನಲ್ಲಿ ಬೆನ್ನಿನ ದಪ್ಪ ಬರೆದಿರುತ್ತಾರೆ. ನಿಜಕ್ಕೂ ಬೇಕಾದದ್ದು ಅಂಚಿನ ಹಿಂದೆಯೇ ಇರುವ ದಪ್ಪ, ಅದನ್ನು ಬಹುತೇಕ ಯಾರೂ ಬರೆಯುವುದಿಲ್ಲ.

ಯಾವ ಕೆಲಸಕ್ಕೆ ಯಾವುದು

ಹಣ್ಣು, ಹಗ್ಗ, ಕಡ್ಡಿ, ಚೀಲಗಳಂಥ ಮಿಶ್ರ ಕೆಲಸಕ್ಕೆ, ಮತ್ತು ಕೊಟ್ಟ ಹಣಕ್ಕೆ ಸಿಗುವ ಹರಿತಕ್ಕೆ, ಒಪಿನೆಲ್ 8ನ್ನು ಮೀರಿಸುವುದು ಕಷ್ಟ. ಅಲಗು 8.5 ಸೆಂಟಿಮೀಟರ್, ತೂಕ 50 ಗ್ರಾಮಿಗೂ ಕಡಿಮೆ. ತೊಂದರೆ ಇರುವುದು ಮರದ ಹಿಡಿಯಲ್ಲಿ: ನೀರು ಕುಡಿದ ಬೀಚ್ ಮರ ಉಬ್ಬಿ ಅಲಗನ್ನು ಬಿಗಿಯಾಗಿ ಹಿಡಿದುಬಿಡುತ್ತದೆ. ಸವಾಯ್ ಸೀಮೆಯವರು ಹಿಡಿಯ ಹಿಂಬದಿಯನ್ನು ಮೇಜಿಗೆ ಕುಟ್ಟಿ ಅಲಗನ್ನು ಹೊರಗೆಳೆಯುವ ಉಪಾಯ ಕಂಡುಕೊಂಡಿದ್ದಾರೆ. ಮಲೆನಾಡಿನ ಜುಲೈ ತಿಂಗಳಲ್ಲಿ ಅದನ್ನು ಕಲಿಯಬೇಕಾದೀತು. ಇಂಗಾಲದ ಉಕ್ಕು, ಸ್ಟೇನ್‌ಲೆಸ್ ಎರಡೂ ಸಿಗುತ್ತವೆ. ನಮ್ಮ ಹವೆಗೆ ಸ್ಟೇನ್‌ಲೆಸ್ಸೇ ಸರಿ.

ದಿನವಿಡೀ ಒದ್ದೆಯಲ್ಲಿ ಕೆಲಸವಿದ್ದು ಚುಚ್ಚುವ ಅಗತ್ಯ ಕಡಿಮೆಯಿದ್ದರೆ ವಿಕ್ಟೋರಿನಾಕ್ಸಿನ 93 ಮಿಲಿಮೀಟರ್ ಉದ್ದದ ಅಲ್ಯುಮಿನಿಯಂ ಹಿಡಿಯ ಪಯೊನಿಯರ್ ಅಥವಾ ಗರಗಸವೂ ಇರುವ ಫಾರ್ಮರ್ ಹೆಚ್ಚು ನೆಮ್ಮದಿ. ಬಕ್ 110 ಸುಮಾರು 200 ಗ್ರಾಂ ತೂಗುತ್ತದೆ. ಅದು ಪಂಚೆಯ ಮಡಿಲಿಗೂ ಅಂಗಿಯ ಜೇಬಿಗೂ ಹೇಳಿದ್ದಲ್ಲ, ಸೊಂಟದ ಚೀಲದ ಚಾಕು. ಒಂದೇ ಕೈಯಲ್ಲಿ ತೆರೆಯಬೇಕಾದವರಿಗೆ, ಅಂದರೆ ಇನ್ನೊಂದು ಕೈಯಲ್ಲಿ ಹಗ್ಗವನ್ನೋ ಏಣಿಯನ್ನೋ ಹಿಡಿದವರಿಗೆ, ಆಂಟೇರಿಯೊ ರ‍್ಯಾಟ್ 1 ಬಹುಕಾಲದಿಂದ ಅಳತೆಗೋಲಾಗಿದೆ: ಅಮೆರಿಕದ ಹೆಸರು, ತೈವಾನಿನ ತಯಾರಿಕೆ, ಲೈನರ್ ಲಾಕ್, ಎಯುಎಸ್-8 ಎಂಬ ಸ್ಟೇನ್‌ಲೆಸ್ ಅಥವಾ ಡಿ2 ಉಕ್ಕು. ಬೆವರು, ಮಳೆ ಇದ್ದಲ್ಲಿ ಎಯುಎಸ್-8, ಒಣ ಗೋದಾಮಿನಲ್ಲಿ ಡಿ2. ಗ್ಯಾಂಜೊ ಇದಕ್ಕಿಂತಲೂ ಕಡಿಮೆ ಬೆಲೆಗೆ ಅಗುಳಿ ಚಿಲಕ ಕೊಡುತ್ತದೆ.

ಕೆಲಸ ರಟ್ಟಿನ ಡಬ್ಬಗಳದ್ದು ಮಾತ್ರವಾಗಿದ್ದರೆ ಇವೆಲ್ಲ ಬೇಡ. ಕಾಗದದೊಳಗಿನ ಜೇಡಿ, ಖನಿಜದ ಪುಡಿಗಳು ಯಾವ ಉಕ್ಕನ್ನಾದರೂ ಸವೆಸುತ್ತವೆ. ಒಸಾಕಾದ ಯೋಶಿಯೊ ಒಕಾಡಾ 1956ರಲ್ಲಿ ರೂಪಿಸಿದ, ಮೊಂಡಾದ ತುಂಡನ್ನು ಚಾಕೊಲೇಟ್ ಪಟ್ಟಿಯಂತೆ ಮುರಿದು ಎಸೆಯುವ ಅಲಗಿನ ಸಾಧನ, ನಮ್ಮ ಅಂಗಡಿಗಳಲ್ಲಿ ‘ಕಟರ್’ ಎಂದು ಸಿಗುವ ಅದೇ, ಆ ಕೆಲಸಕ್ಕೆ ಸಾಕು.

ಕೈಗೆ ಬಂದ ಮೇಲೆ

ಹೊಸ ಚಾಕುವನ್ನು ತೆರೆದು, ಬೆರಳುಗಳನ್ನು ಅಲಗಿನ ದಾರಿಯಿಂದ ದೂರವಿಟ್ಟು, ಬೆನ್ನನ್ನು ಮರದ ಹಲಗೆಗೆ ನಿಧಾನವಾಗಿ ಒತ್ತಿ ನೋಡಬೇಕು. ಚಿಲಕ ಜಾರಿದರೆ ಹಿಂತಿರುಗಿಸುವುದೇ ದಾರಿ, ರಿಪೇರಿಯಲ್ಲ. ಅಲಗು ಪಕ್ಕಕ್ಕೆ ಅಲುಗಾಡಿದರೆ ಕೀಲಿನ ಸ್ಕ್ರೂ ಬಿಗಿಗೊಳಿಸಬಹುದು. ಮೇಲೆಕೆಳಗೆ ಅಲುಗಾಡಿದರೆ ದೋಷ ಚಿಲಕದ್ದು. ಉಕ್ಕಿನ ಹೆಸರು ಅಲಗಿನ ಮೇಲೆ ಕೆತ್ತಿದೆ ಎಂಬುದು ಪುರಾವೆಯಲ್ಲ, ಕೆತ್ತುವುದಕ್ಕೆ ಖರ್ಚಿಲ್ಲ.

ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಸಾಕು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಡಿಸೆಂಬರಿನ ಬೆಳಗ್ಗೆ ಚಿಲಕವನ್ನೂ ಹೆಪ್ಪುಗಟ್ಟಿಸುತ್ತದೆ. ಸಾಣೆಯವರ ಒಣ ಚಕ್ರಕ್ಕೆ ಕೊಡುವುದಾದರೆ ಕಿಡಿ ಹಾರುವಷ್ಟು ಒತ್ತದಂತೆ, ನಡುನಡುವೆ ನೀರಿಗೆ ಅದ್ದುವಂತೆ ಹೇಳಬೇಕು: ಅಂಚಿನಲ್ಲಿ ನೀಲಿ ಬಣ್ಣ ಕಂಡರೆ ಅಲ್ಲಿಯ ಪಾಕ ಕೆಟ್ಟಿತೆಂದೇ ಅರ್ಥ.

ಕಾನೂನು ಏನು ನೋಡುತ್ತದೆ

ಭಾರತದ ಆಯುಧ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು ಆಯುಧಗಳ ಪಟ್ಟಿಯಲ್ಲಿ ಇಡುತ್ತವೆ, ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಬಳಕೆಗೆಂದೇ ಮಾಡಿದವನ್ನು ಹೊರತುಪಡಿಸಿ. ಮೇಲೆ ಹೇಳಿದ ಯಾವ ಚಾಕುವೂ ಆ ಅಳತೆಯ ಹತ್ತಿರವೂ ಬರುವುದಿಲ್ಲ. ಆದರೆ ಗುಂಡಿ ಒತ್ತಿದರೆ ಅಲಗು ತಾನೇ ಚಿಮ್ಮುವ ಚಾಕುಗಳ ಮಾತು ಬೇರೆ. ದೆಹಲಿಯಲ್ಲಿ 1980ರ ಅಧಿಸೂಚನೆಯೊಂದು ಅಂಥವಕ್ಕೆ 7.62 ಸೆಂಟಿಮೀಟರಿನ ಮಿತಿ ಹಾಕಿದೆ. ವಿಮಾನದಲ್ಲಿ ಕೈಚೀಲದಲ್ಲಿ ಯಾವುದನ್ನೂ ಒಯ್ಯುವಂತಿಲ್ಲ, ತಪಾಸಣೆಗೆ ಕೊಡುವ ದೊಡ್ಡ ಪೆಟ್ಟಿಗೆಯಲ್ಲಿ ಇಡಬೇಕು.

ವಿದೇಶದಲ್ಲಿರುವ ಕನ್ನಡಿಗರಿಗೆ ಚಿಲಕದ ಬಗೆಯೇ ಕಾನೂನಿನ ಪ್ರಶ್ನೆಯಾಗುತ್ತದೆ. ಬ್ರಿಟನ್ನಿನಲ್ಲಿ 1988ರ ಕಾಯ್ದೆಯಂತೆ 3 ಇಂಚಿನೊಳಗಿನ ಅಂಚಿನ, ಚಿಲಕವಿಲ್ಲದ ಮಡಚುವ ಚಾಕುವನ್ನು ಕಾರಣ ಹೇಳದೆ ಜೇಬಿನಲ್ಲಿಡಬಹುದು. ಚಿಲಕವಿದ್ದರೆ ನ್ಯಾಯಾಲಯಗಳು ಅದನ್ನು ಮಡಚುವ ಚಾಕು ಎಂದೇ ಎಣಿಸುವುದಿಲ್ಲ. ಅಂದರೆ ಪಯೊನಿಯರ್ ಸರಿ, ಒಪಿನೆಲ್ 8 ತಪ್ಪು. ಜರ್ಮನಿಯಲ್ಲಿ ಆಕ್ಷೇಪ ಇರುವುದು ಒಂದೇ ಕೈಯಲ್ಲಿ ತೆರೆದು ಚಿಲಕ ಬೀಳುವ ಚಾಕುಗಳಿಗೆ. ಒಪಿನೆಲ್ಲಿಗೆ ಎರಡೂ ಕೈ ಬೇಕಾದ್ದರಿಂದ ಅಲ್ಲಿ ಆ ನಿಯಮದಿಂದ ಅದು ಪಾರಾಗುತ್ತದೆ, ರ‍್ಯಾಟ್ 1 ಸಿಕ್ಕಿಬೀಳುತ್ತದೆ. ಜರ್ಮನಿಯ ಉತ್ಸವ, ಜಾತ್ರೆ, ದೂರದ ರೈಲುಗಳಿಗೆ 2024ರಿಂದ ಇನ್ನೂ ಬಿಗಿಯಾದ ಬೇರೆ ನಿರ್ಬಂಧಗಳಿವೆ.